ಥಾಮಸ್ ಬಿಗ್ಸ್

ಥಾಮಸ್ ಬಿಗ್ಸ್ (1822–1905) ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಫಿರಂಗಿ ದಳದ ಅಧಿಕಾರಿ ಮತ್ತು ಭಾರತದ ಆರಂಭಿಕ ಛಾಯಾಗ್ರಾಹಕರಲ್ಲಿ ಒಬ್ಬರು. 1855ರಲ್ಲಿ ಬಾಂಬೆ ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡ ಇವರು ಬಿಜಾಪುರ (ಇಂದಿನ ವಿಜಯಪುರ), ಬಾದಾಮಿ, ಐಹೊಳೆ, ಪಟ್ಟದಕಲ್ಲು ಹಾಗೂ ಧಾರವಾಡ ಮತ್ತು ಮೈಸೂರು ಸೀಮೆಗಳ ಸ್ಮಾರಕಗಳನ್ನೂ ಶಾಸನಗಳನ್ನೂ ಕಾಗದದ ನೆಗೆಟಿವ್‌ಗಳಲ್ಲಿ ದಾಖಲಿಸಿದರು. ಇವುಗಳ ಸಂಖ್ಯೆ ನೂರಕ್ಕೂ ಹೆಚ್ಚು. ಆದಿಲ್‌ಶಾಹಿ ಕಟ್ಟಡಗಳ ಅತ್ಯಂತ ಹಳೆಯ ಛಾಯಾಚಿತ್ರಗಳ ಸಾಲಿಗೆ ಇವು ಸೇರುತ್ತವೆ. 1866ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ‘ಆರ್ಕಿಟೆಕ್ಚರ್ ಅಟ್ ಬೀಜಾಪುರ್’ ಗ್ರಂಥದ ಚಿತ್ರಗಳನ್ನು ತೆಗೆದವರಲ್ಲಿ ಬಿಗ್ಸ್ ಒಬ್ಬರು.

ಸೇನಾ ಸೇವೆ ಮತ್ತು ಛಾಯಾಗ್ರಹಣದ ಆಸಕ್ತಿ

ಬಿಗ್ಸ್ 1842ರಲ್ಲಿ ಬಾಂಬೆ ಫಿರಂಗಿ ದಳವನ್ನು ಸೇರಿದರು. ಅದಕ್ಕೆ ಒಂದು ವರ್ಷ ಮೊದಲು, 1841ರಲ್ಲಿ, ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕ್ಯಾಲೋಟೈಪ್ ವಿಧಾನಕ್ಕೆ ಹಕ್ಕುಸ್ವಾಮ್ಯ ಪಡೆದಿದ್ದರು. ಒಂದೇ ನೆಗೆಟಿವ್‌ನಿಂದ ಹಲವು ಪ್ರತಿಗಳನ್ನು ಪಡೆಯುವ ಸಾಧ್ಯತೆ ಈ ವಿಧಾನದಿಂದ ದೊರೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಭಾರತದಲ್ಲಿದ್ದ ಸೇನಾಧಿಕಾರಿಗಳು ಮತ್ತು ವೈದ್ಯರು ಈ ಹೊಸ ಕಲೆಯನ್ನು ಹವ್ಯಾಸವಾಗಿ ಕೈಗೆತ್ತಿಕೊಂಡರು. ಬಿಗ್ಸ್ ಅವರೂ ಈ ಗುಂಪಿಗೆ ಸೇರಿದವರು.

1854ರಲ್ಲಿ ಮುಂಬಯಿಯಲ್ಲಿ ಬಾಂಬೆ ಛಾಯಾಗ್ರಹಣ ಸಂಘ ಸ್ಥಾಪನೆಯಾಯಿತು. ಅದರ ಸ್ಥಾಪಕ ಸದಸ್ಯರಲ್ಲಿ ಬಿಗ್ಸ್ ಒಬ್ಬರು. ಸಂಘದಲ್ಲಿ ಯುರೋಪಿಯನ್ನರ ಜೊತೆಗೆ ಭಾರತೀಯರೂ ಇದ್ದರು. ವೈದ್ಯ ಹಾಗೂ ಪ್ರಾಚ್ಯವಿದ್ವಾಂಸ ಭಾವು ದಾಜಿ ಮತ್ತು ಅವರ ಸಹೋದರ ನಾರಾಯಣ ದಾಜಿ ಅವರಲ್ಲಿ ಪ್ರಮುಖರು. ಆ ಕಾಲದಲ್ಲಿ ಕ್ಯಾಮೆರಾ, ಮಸೂರ, ಕಾಗದ ಮತ್ತು ರಾಸಾಯನಿಕಗಳು ಹಡಗಿನಲ್ಲಿ ಯುರೋಪಿನಿಂದ ಬರಬೇಕಾಗಿತ್ತು. ಲಂಡನ್ನಿನ ಆಂಡ್ರ್ಯೂ ರಾಸ್, ಪ್ಯಾರಿಸ್ಸಿನ ಶೆವಾಲಿಯೆ ಮೊದಲಾದ ತಯಾರಕರ ಮಸೂರಗಳು ಹೆಸರಾಗಿದ್ದವು. ಇಂಗ್ಲೆಂಡಿನ ಹವೆಗೆಂದು ಬರೆದ ಸೂತ್ರಗಳು ಇಲ್ಲಿನ ಬಿಸಿಲಿಗೆ ಹೊಂದುತ್ತಿರಲಿಲ್ಲ. ಆದ್ದರಿಂದ ಒಬ್ಬರು ಕಂಡುಕೊಂಡ ಪರಿಹಾರ ಇನ್ನೊಬ್ಬರಿಗೆ ತಲುಪಲು ಇಂತಹ ಸಂಘಗಳ ಸಭೆಗಳೂ ಪತ್ರಿಕೆಗಳೂ ಅಗತ್ಯವಾಗಿದ್ದವು.

ಸರ್ಕಾರಿ ಛಾಯಾಗ್ರಾಹಕರಾಗಿ ನೇಮಕ

ಪ್ರಾಚೀನ ಕಟ್ಟಡಗಳನ್ನು ದಾಖಲಿಸಲು ಕಂಪನಿ ಸರ್ಕಾರವು ಅದುವರೆಗೆ ನಕ್ಷೆಗಾರರನ್ನೂ ಚಿತ್ರಕಾರರನ್ನೂ ಅವಲಂಬಿಸಿತ್ತು. ಒಂದು ಗೋಡೆಯ ಕೆತ್ತನೆಯನ್ನು ಕೈಯಿಂದ ನಕಲಿಸಲು ದಿನಗಳೇ ಬೇಕಾಗುತ್ತಿದ್ದವು. ಚಿತ್ರಕಾರನಿಗೆ ಲಿಪಿ ತಿಳಿಯದಿದ್ದರೆ ಶಾಸನದ ಅಕ್ಷರಗಳು ತಪ್ಪಾಗುತ್ತಿದ್ದವು. 1850ರ ದಶಕದ ಮಧ್ಯದಲ್ಲಿ ಕಂಪನಿಯ ನಿರ್ದೇಶಕ ಮಂಡಳಿಯು ಈ ಕೆಲಸಕ್ಕೆ ಛಾಯಾಗ್ರಹಣವನ್ನು ಬಳಸುವಂತೆ ಪ್ರೋತ್ಸಾಹಿಸಿತು. ವೆಚ್ಚ ಮತ್ತು ಸಮಯಗಳ ಉಳಿತಾಯ ಹಾಗೂ ನಿಖರತೆ ಇದಕ್ಕೆ ಕಾರಣವಾಗಿದ್ದವು. ಇದರ ಫಲವಾಗಿ 1855ರಲ್ಲಿ ಬಿಗ್ಸ್ ಅವರಿಗೆ ಪಶ್ಚಿಮ ಭಾರತದ ಶಿಲ್ಪ ಮತ್ತು ಶಾಸನಗಳನ್ನು ಛಾಯಾಚಿತ್ರಗಳಲ್ಲಿ ನಕಲಿಸುವ ಹೊಣೆ ದೊರೆಯಿತು.

ಬಿಜಾಪುರವು ಆಗ ಹೊಸದಾಗಿ ಬ್ರಿಟಿಷರ ನೇರ ಆಡಳಿತಕ್ಕೆ ಬಂದಿತ್ತು. 1686ರಲ್ಲಿ ಔರಂಗಜೇಬನು ಆದಿಲ್‌ಶಾಹಿ ರಾಜಧಾನಿಯನ್ನು ವಶಪಡಿಸಿಕೊಂಡ ಬಳಿಕ ನಗರ ಕ್ಷೀಣಿಸುತ್ತ ಬಂದಿತ್ತು. 1818ರಲ್ಲಿ ಅದು ಸಾತಾರಾ ಸಂಸ್ಥಾನಕ್ಕೆ ಸೇರಿತು. 1848ರಲ್ಲಿ ಆ ಸಂಸ್ಥಾನ ವಿಲೀನಗೊಂಡಾಗ ಬಾಂಬೆ ಪ್ರಾಂತದ ಭಾಗವಾಯಿತು. ಬಿಗ್ಸ್ ಬಂದ ಕಾಲಕ್ಕೆ ಇಲ್ಲಿಗೆ ರೈಲುಮಾರ್ಗವಿರಲಿಲ್ಲ. 1884ರವರೆಗೂ ಬಿಜಾಪುರ ರೈಲನ್ನು ಕಾಣಲಿಲ್ಲ. ಕ್ಯಾಮೆರಾ, ಮುಕ್ಕಾಲಿ, ಡೇರೆ, ಗಾಜಿನ ಸೀಸೆಗಳು, ಬೆಳ್ಳಿ ಲವಣಗಳು ಎಲ್ಲವೂ ರಸ್ತೆಯ ಮೂಲಕವೇ ಸಾಗಬೇಕಾಗಿತ್ತು.

ಬಿಜಾಪುರದ ಛಾಯಾಚಿತ್ರಗಳು

ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ ಮೊದಲಾದ ಕಟ್ಟಡಗಳು ಈ ದಾಖಲೆಯ ಮುಖ್ಯ ವಸ್ತುಗಳು. ಇವುಗಳನ್ನು ಅಂದಿನ ಕ್ಯಾಮೆರಾದಲ್ಲಿ ಸೆರೆಹಿಡಿಯುವುದು ಸುಲಭವಾಗಿರಲಿಲ್ಲ. ಮುಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಳಗುಮ್ಮಟವು ಪ್ರತಿ ಬದಿಯಲ್ಲಿ ಸುಮಾರು 47.5 ಮೀಟರ್ ಅಳತೆಯ ಘನಾಕಾರದ ಕಟ್ಟಡ. ಅದರ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಗಲ ಕೋನದ ಮಸೂರಗಳಿಲ್ಲದ ಆ ಕಾಲದಲ್ಲಿ ಇಡೀ ಕಟ್ಟಡ ಚೌಕಟ್ಟಿನೊಳಗೆ ಬರಬೇಕಾದರೆ ಬಹುದೂರ ಹಿಂದೆ ಸರಿಯಬೇಕಿತ್ತು. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಮೂಲೆಯ ಏಳಂತಸ್ತಿನ ಮಿನಾರುಗಳು ಒಳಕ್ಕೆ ಬಾಗಿದಂತೆ ಕಾಣುತ್ತಿದ್ದವು. ಇದನ್ನು ತಪ್ಪಿಸಲು ಕ್ಯಾಮೆರಾವನ್ನು ಸಮತಲದಲ್ಲಿಟ್ಟು ಮಸೂರದ ಹಲಗೆಯನ್ನು ಮಾತ್ರ ಮೇಲೆತ್ತುವುದು ಕಟ್ಟಡಗಳ ಛಾಯಾಗ್ರಹಣದಲ್ಲಿ ರೂಢಿ. ಊರ ನಡುವೆ ಇಕ್ಕಟ್ಟಾದ ಬೀದಿಗೆ ಮುಖ ಮಾಡಿರುವ ಮೆಹತರ್ ಮಹಲಿನಂಥ ಕಟ್ಟಡಗಳ ಮುಂದೆ ಹಿಂದೆ ಸರಿಯಲು ಜಾಗವೇ ಕಡಿಮೆ.

ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿಯಾದ ಇಬ್ರಾಹಿಂ ರೋಜಾದಲ್ಲಿ ಸಮಸ್ಯೆ ಬೇರೆ. ಅದರ ಗೋಡೆಗಳ ಮೇಲೆ ಸೂಕ್ಷ್ಮವಾದ ಬರಹ ಮತ್ತು ಬಳ್ಳಿಯ ಕೆತ್ತನೆಗಳಿವೆ; ಕಿಟಕಿಗಳ ಜಾಲಂಧ್ರಗಳನ್ನೇ ಅಕ್ಷರಗಳ ಆಕಾರದಲ್ಲಿ ಕೊರೆಯಲಾಗಿದೆ. ಇಂತಹ ಕೆತ್ತನೆಯನ್ನು ಗೆರೆ ತಪ್ಪದೆ ನಕಲಿಸಲು ಕುಂಚಕ್ಕಿಂತ ಕ್ಯಾಮೆರಾ ಸಮರ್ಥವಾಗಿತ್ತು. ಆದರೆ ಸುತ್ತಲಿನ ಚಾವಣಿಯ ನೆರಳು ಗೋಡೆಗಳ ಮೇಲೆ ಬೀಳುತ್ತದೆ. ನೆರಳಿನಲ್ಲಿರುವ ಕೆತ್ತನೆ ಮೂಡಲು ದೀರ್ಘ ಕಾಲದ ಬೆಳಕು ಬೇಕು. ಅಷ್ಟರಲ್ಲಿ ಬಿಸಿಲಿನ ಭಾಗ ಬೆಳ್ಳಗಾಗಿ ಅಳಿಸಿಹೋಗುತ್ತದೆ.

ಈ ದಾಖಲೆ ರಾಜಧಾನಿಯ ಸ್ಮಾರಕಗಳನ್ನು ಗುರಿಯಾಗಿಟ್ಟುಕೊಂಡಿತ್ತು. ಎರಡನೆಯ ಇಬ್ರಾಹಿಂ ನೌರಸಪುರವನ್ನು ಕಟ್ಟಿಸಿದ, ನಗರಕ್ಕೆ ನೀರುಣಿಸಿದ ತೊರವಿಯ ದಾರಿ ಮುಂದೆ ಟಿಕೋಟಕ್ಕೆ ಸಾಗುತ್ತದೆ. ನೈರುತ್ಯದ ದಾರಿಯಲ್ಲಿ ಬಬಲೇಶ್ವರವಿದೆ. ಈಗ ತಾಲ್ಲೂಕು ಕೇಂದ್ರಗಳಾಗಿರುವ ಈ ಊರುಗಳ ಬದುಕು, ಹೊಲ, ಸಂತೆಗಳು ಸರ್ಕಾರವು ಬಿಗ್ಸ್ ಅವರಿಗೆ ವಹಿಸಿದ ಕೆಲಸದ ವ್ಯಾಪ್ತಿಯೊಳಗಿರಲಿಲ್ಲ.

ತಂತ್ರ, ಮಸೂರ ಮತ್ತು ಚಿತ್ರದೋಷಗಳು

1855ರ ವೇಳೆಗೆ ಛಾಯಾಗ್ರಾಹಕರ ಮುಂದೆ ಎರಡು ಮುಖ್ಯ ಮಾರ್ಗಗಳಿದ್ದವು. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕ ಬಳಸಲಾಗುತ್ತಿತ್ತು. ಚಿತ್ರ ಅತ್ಯಂತ ಸ್ಫುಟವಾಗಿ ಬರುತ್ತಿತ್ತು. ಆದರೆ ಫಲಕಕ್ಕೆ ಲೇಪ ಹಚ್ಚಿ, ಅದು ಆರುವ ಮುನ್ನವೇ ಚಿತ್ರ ತೆಗೆದು, ಸ್ಥಳದಲ್ಲೇ ಸಂಸ್ಕರಿಸಬೇಕಿತ್ತು. ಬಿಜಾಪುರದ ಒಣ ಹವೆಯಲ್ಲಿ ಲೇಪ ಬೇಗ ಆರುತ್ತದೆ. ಗಾಜು ಭಾರವೂ ಹೌದು, ದಾರಿಯಲ್ಲಿ ಒಡೆಯುವ ಭಯವೂ ಉಂಟು. ಬಿಗ್ಸ್ ಆಯ್ದುಕೊಂಡದ್ದು ಕಾಗದದ ನೆಗೆಟಿವ್. ಕಾಗದ ಹಗುರ, ಒಡೆಯುವುದಿಲ್ಲ. ಅದನ್ನು ಮೇಣದಲ್ಲಿ ನೆನೆಸಿದರೆ ಪಾರದರ್ಶಕತೆ ಹೆಚ್ಚುತ್ತದೆ. ಗುಸ್ತಾವ್ ಲೆ ಗ್ರೇ 1851ರಲ್ಲಿ ಪ್ರಕಟಿಸಿದ ಮೇಣಗಾಗದ ವಿಧಾನದಲ್ಲಿ ಹಾಳೆಗಳನ್ನು ದಿನಗಳ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಲೂ ಸಾಧ್ಯವಿತ್ತು. ಪ್ರವಾಸದಲ್ಲಿರುವ ಛಾಯಾಗ್ರಾಹಕರಿಗೆ ಕಾಗದ ಪ್ರಿಯವಾದದ್ದು ಈ ಕಾರಣಗಳಿಂದ.

ಈ ಅನುಕೂಲಕ್ಕೆ ತಕ್ಕ ಬೆಲೆಯನ್ನೂ ತೆರಬೇಕಿತ್ತು. ಕಾಗದದ ನಾರು ಚಿತ್ರದಲ್ಲಿ ಮೂಡಿ ಅಂಚುಗಳನ್ನು ಮೃದುವಾಗಿಸುತ್ತಿತ್ತು. ಬೆಳ್ಳಿ ಲವಣಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಅತಿಯಾಗಿ ಬೆಳಗಿ, ಮುದ್ರಿತ ಪ್ರತಿಯಲ್ಲಿ ಬರಿದಾಗಿ ಅಥವಾ ಕಲೆಕಲೆಯಾಗಿ ಕಾಣುತ್ತಿತ್ತು. ಇದನ್ನು ಮರೆಮಾಚಲು ನೆಗೆಟಿವ್‌ನ ಆಕಾಶದ ಭಾಗಕ್ಕೆ ಕಪ್ಪು ಬಣ್ಣ ಬಳಿಯುವುದು ಅಂದಿನ ವಾಡಿಕೆ. ಬಿಜಾಪುರದ ಕಟ್ಟಡಗಳು ಕಂದುಗಪ್ಪು ಬಣ್ಣದ ಬಸಾಲ್ಟ್ ಶಿಲೆಯವು. ಈ ಶಿಲೆ ನೀಲಿ ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಕಲ್ಲಿಗೂ ಆಕಾಶಕ್ಕೂ ನಡುವಿನ ಅಂತರ ಇನ್ನಷ್ಟು ಹೆಚ್ಚುತ್ತಿತ್ತು. ಹಾಳೆಯು ಬೆಳಕಿಗೆ ತೆರೆದಿರಬೇಕಾದ ಅವಧಿಯನ್ನು ನಿಮಿಷಗಳಲ್ಲಿ ಎಣಿಸಬೇಕಿದ್ದುದರಿಂದ ನಡೆದಾಡುವ ಜನ, ದನಕರುಗಳು ಚಿತ್ರದಲ್ಲಿ ಉಳಿಯುತ್ತಿರಲಿಲ್ಲ. ಆ ಕಾಲದ ಸ್ಮಾರಕಚಿತ್ರಗಳು ನಿರ್ಜನವಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಊರು ಖಾಲಿಯಾಗಿತ್ತೆಂಬುದಕ್ಕೆ ಅವು ಸಾಕ್ಷಿಯಲ್ಲ.

ಮಸೂರಗಳಿಗೂ ಅವುಗಳದೇ ದೋಷಗಳಿದ್ದವು. ಜೋಸೆಫ್ ಪೆಟ್ಜ್‌ವಾಲ್ 1840ರಲ್ಲಿ ರೂಪಿಸಿದ ಭಾವಚಿತ್ರ ಮಸೂರ ಹೆಚ್ಚು ಬೆಳಕನ್ನು ಒಳಬಿಡುತ್ತಿತ್ತು. ಆದರೆ ಅದರ ಸ್ಫುಟತೆ ನಡುಭಾಗಕ್ಕೆ ಸೀಮಿತವಾಗಿದ್ದು, ಅಂಚುಗಳು ಮಸುಕಾಗುತ್ತಿದ್ದವು. ಮುಖಕ್ಕೆ ಒಪ್ಪುವ ಈ ಗುಣ ಗೋಡೆಗೆ ಒಪ್ಪುವುದಿಲ್ಲ. ಹೊರಾಂಗಣಕ್ಕೆ ಬಳಸುತ್ತಿದ್ದ ಸರಳ ಭೂದೃಶ್ಯ ಮಸೂರವು ರಂಧ್ರವನ್ನು ಬಹಳ ಕಿರಿದಾಗಿಸಿದಾಗ ಸಾಕಷ್ಟು ಸ್ಫುಟವಾದ ಚಿತ್ರ ಕೊಡುತ್ತಿತ್ತು. ಅದರಿಂದ ತೆಗೆದ ಚಿತ್ರದ ಅಂಚಿನಲ್ಲಿ ನೇರ ಗೆರೆಗಳು ಪೀಪಾಯಿಯ ಬದಿಯಂತೆ ಹೊರಕ್ಕೆ ಬಾಗುತ್ತಿದ್ದವು. ಮರ, ಬೆಟ್ಟಗಳ ಚಿತ್ರದಲ್ಲಿ ಈ ಬಾಗು ಕಣ್ಣಿಗೆ ಬೀಳದು. ಕಂಬ ಮತ್ತು ಕಟ್ಟೆಗಳ ಚಿತ್ರದಲ್ಲಿ ಎದ್ದು ಕಾಣುತ್ತದೆ. ಕೆಲವು ಮಸೂರಗಳಲ್ಲಿ ಕಣ್ಣಿಗೆ ಸ್ಫುಟವಾಗಿ ಕಾಣುವ ಬಿಂದುವೂ ನೀಲಿ ಬೆಳಕು ಒಂದುಗೂಡುವ ಬಿಂದುವೂ ಬೇರೆಬೇರೆಯಾಗಿದ್ದವು. ಅಂತಹ ಮಸೂರ ಕೊಂಡವರು ನೋಟಕ್ಕೆ ಸರಿಯಾಗಿ ಹೊಂದಿಸಿದ ಮೇಲೆ ಅಳತೆಮಾಡಿ ಸ್ವಲ್ಪ ಸರಿಸಬೇಕಿತ್ತು. ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಸಮಮಿತಿಯ ಮಸೂರಗಳನ್ನು ಲಂಡನ್ನಿನ ಡಾಲ್‌ಮೇಯರ್ ಮತ್ತು ಮ್ಯೂನಿಕ್ಕಿನ ಸ್ಟೈನ್‌ಹೈಲ್ ಹೊರತಂದದ್ದು 1866ರಲ್ಲಿ. ಬಿಗ್ಸ್ ಅವರ ಬಿಜಾಪುರದ ಚಿತ್ರಗಳು ಗ್ರಂಥವಾಗಿ ಪ್ರಕಟವಾದದ್ದೂ ಅದೇ ವರ್ಷ.

ಉತ್ತರಾಧಿಕಾರಿಗಳು

1855ರ ಕೊನೆಗೆ ಬಿಗ್ಸ್ ಅವರನ್ನು ಸೇನಾ ಕರ್ತವ್ಯಕ್ಕೆ ಮರಳಿ ಕರೆಸಿಕೊಳ್ಳಲಾಯಿತು. ಅವರ ಸ್ಥಾನಕ್ಕೆ ವೈದ್ಯಾಧಿಕಾರಿ ವಿಲಿಯಂ ಹೆನ್ರಿ ಪಿಗೌ ಬಂದು ಧಾರವಾಡ ಮತ್ತು ಮೈಸೂರು ಸೀಮೆಗಳಲ್ಲಿ ಕೆಲಸ ಮುಂದುವರಿಸಿದರು. ಪಿಗೌ 1858ರಲ್ಲಿ ನಿಧನರಾದರು. ಮದರಾಸು ಸೈನ್ಯದ ವೈದ್ಯ ಎ. ಸಿ. ಬಿ. ನೀಲ್ ಹಳೇಬೀಡು ಮೊದಲಾದ ಕಡೆ ಚಿತ್ರಗಳನ್ನು ತೆಗೆದರು. ಕರ್ನಾಟಕದ ಸ್ಮಾರಕಗಳ ಮೊದಲ ಸರ್ಕಾರಿ ಛಾಯಾಚಿತ್ರ ದಾಖಲೆ ಹೀಗೆ ಬೇರೆ ವೃತ್ತಿಯಲ್ಲಿದ್ದ ಹವ್ಯಾಸಿಗಳ ಕೈಯಲ್ಲಿ ರೂಪುಗೊಂಡಿತು.

ಪ್ರಕಟಣೆಗಳು

1866ರಲ್ಲಿ ಪಶ್ಚಿಮ ಭಾರತದ ವಾಸ್ತುಶಿಲ್ಪ ಪ್ರಾಚೀನಾವಶೇಷಗಳ ಸಮಿತಿಗಾಗಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆಯು ಅಹಮದಾಬಾದ್, ಬಿಜಾಪುರ ಮತ್ತು ಧಾರವಾಡ–ಮೈಸೂರುಗಳನ್ನು ಕುರಿತ ಮೂರು ದೊಡ್ಡ ಸಂಪುಟಗಳನ್ನು ಪ್ರಕಟಿಸಿತು. ಮೂರರಲ್ಲಿಯೂ ಬಿಗ್ಸ್ ಅವರ ಚಿತ್ರಗಳಿವೆ. ಅಹಮದಾಬಾದ್ ಸಂಪುಟದಲ್ಲಿ 120 ಛಾಯಾಚಿತ್ರಗಳಿವೆ.

ಬಿಜಾಪುರದ ಸಂಪುಟಕ್ಕೆ ಐತಿಹಾಸಿಕ ವಿವರಣೆಯನ್ನು ಮೆಡೋಸ್ ಟೇಲರ್ ಅವರೂ ವಾಸ್ತುಶಿಲ್ಪ ಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ ಅವರೂ ಬರೆದರು. ಬಿಗ್ಸ್ ಹಾಗೂ ಮೇಜರ್ ಲಾಕ್ ಸ್ಥಳದಲ್ಲಿ ತೆಗೆದ ಚಿತ್ರಗಳೊಂದಿಗೆ, ಕ್ಯಾಪ್ಟನ್ ಪಿ. ಡಿ. ಹಾರ್ಟ್, ಎ. ಕಮ್ಮಿಂಗ್ ಮತ್ತು ದೇಶೀಯ ನಕ್ಷೆಗಾರರು ರಚಿಸಿದ ರೇಖಾಚಿತ್ರಗಳ ಛಾಯಾಪ್ರತಿಗಳೂ ಇದರಲ್ಲಿ ಸೇರಿವೆ. ಈ ರೇಖಾಚಿತ್ರಗಳು ಫರ್ಗುಸನ್ ಸಂಪಾದಕತ್ವದಲ್ಲಿ 1859ರಲ್ಲೇ ಪ್ರತ್ಯೇಕವಾಗಿ ಪ್ರಕಟವಾಗಿದ್ದವು. ಛಾಯಾಗ್ರಹಣವು ರೇಖಾಚಿತ್ರದ ಸ್ಥಾನವನ್ನು ಪೂರ್ತಿಯಾಗಿ ಆಕ್ರಮಿಸಲಿಲ್ಲ ಎಂಬುದಕ್ಕೆ ಈ ಗ್ರಂಥವೇ ಪುರಾವೆ. ಕಟ್ಟಡದ ತಳವಿನ್ಯಾಸ, ಗುಮ್ಮಟವನ್ನು ಹೊತ್ತ ಕಮಾನುಗಳ ಅಡ್ಡಕೊಯ್ತದ ನೋಟ, ಬಣ್ಣದ ಅಲಂಕಾರ ಇವುಗಳನ್ನು ಅಂದಿನ ಮಸೂರ ಕಾಣಲಾರದು. ಅವು ನಕ್ಷೆಗಾರನ ಅಳತೆಕೋಲಿನಿಂದಲೂ ಕುಂಚದಿಂದಲೂ ಬರಬೇಕು. ಶೀರ್ಷಿಕೆ ಪುಟದಲ್ಲಿ ಬಿಗ್ಸ್, ಲಾಕ್, ಹಾರ್ಟ್, ಕಮ್ಮಿಂಗ್ ಇವರ ಹೆಸರುಗಳಿವೆ. ದೇಶೀಯ ನಕ್ಷೆಗಾರರ ಉಲ್ಲೇಖವಿದ್ದರೂ ಅವರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ.

ಇದೇ 1866ರಲ್ಲಿ ಪಿಗೌ ಮತ್ತು ಬಿಗ್ಸ್ ತೆಗೆದ ಧಾರವಾಡ ಹಾಗೂ ಮೈಸೂರು ಸೀಮೆಗಳ ಶಾಸನಗಳ ಛಾಯಾಚಿತ್ರ ಸಂಗ್ರಹವನ್ನು ಟಿ. ಸಿ. ಹೋಪ್ ಸಂಪಾದಿಸಿದರು. ಕನ್ನಡ ಶಾಸನಗಳ ಅಧ್ಯಯನದಲ್ಲಿ ಜೆ. ಎಫ್. ಫ್ಲೀಟ್ ಈ ಸಂಗ್ರಹವನ್ನು ಬಳಸಿಕೊಂಡರು. ಕಲ್ಲಿನ ಬಳಿಗೆ ಹೋಗದೆಯೇ ಅಕ್ಷರವನ್ನು ಓದಿ ಹೋಲಿಸುವ ಅನುಕೂಲ ಇದರಿಂದ ವಿದ್ವಾಂಸರಿಗೆ ದೊರೆಯಿತು. ಸವೆದ ಅಕ್ಷರಗಳ ಓದಿಗೆ ಮಾತ್ರ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆಯುವ ಅಚ್ಚುಗಳೇ ಮುಂದೆ ಹೆಚ್ಚು ಆಧಾರವಾದವು.

ನಂತರದ ಜೀವನ

ಬಿಗ್ಸ್ ಕರ್ನಲ್ ಹುದ್ದೆಗೆ ಏರಿದರು. 1857ರ ದಂಗೆಯ ನಂತರ ಕಂಪನಿಯ ಸೈನ್ಯವನ್ನು ಪುನರ್‌ವ್ಯವಸ್ಥೆಗೊಳಿಸಿದಾಗ ಬಾಂಬೆ ಫಿರಂಗಿ ದಳವು ರಾಯಲ್ ಆರ್ಟಿಲರಿಯಲ್ಲಿ ವಿಲೀನವಾಯಿತು. ಬಿಗ್ಸ್ 1905ರಲ್ಲಿ ನಿಧನರಾದರು.

ಮಹತ್ವ

ಬಿಗ್ಸ್ ಅವರ ಚಿತ್ರಗಳು ಬಿಜಾಪುರದ ಕಟ್ಟಡಗಳನ್ನು ಒಂದು ನಿರ್ದಿಷ್ಟ ಸ್ಥಿತಿಯಲ್ಲಿ ತೋರಿಸುತ್ತವೆ. ಇವುಗಳನ್ನು ತೆಗೆದ ಮೂವತ್ತು ವರ್ಷಗಳ ಬಳಿಕ, 1885ರಲ್ಲಿ, ಜಿಲ್ಲಾ ಕೇಂದ್ರವು ಕಲಾದಗಿಯಿಂದ ಬಿಜಾಪುರಕ್ಕೆ ವರ್ಗವಾಯಿತು. ಆಗ ಅದಾಲತ್ ಮಹಲ್ ಕಲೆಕ್ಟರರ ನಿವಾಸವಾಗಿ ಮಾರ್ಪಟ್ಟಿತು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು. ಇಂತಹ ಬಳಕೆಯನ್ನು ವೈಸ್‌ರಾಯ್ ಲಾರ್ಡ್ ಕರ್ಜನ್ ಮುಂದೆ ಆಕ್ಷೇಪಿಸಿದರು. ಸ್ಮಾರಕಗಳ ಸಂರಕ್ಷಣೆಯೂ ವಿವರವಾದ ಸರ್ವೇಕ್ಷಣೆಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಡೆದವು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಹೆನ್ರಿ ಕಸಿನ್ಸ್ ಅವರ ಬಿಜಾಪುರದ ಬೃಹತ್ ಗ್ರಂಥ ಪ್ರಕಟವಾದದ್ದು 1916ರಲ್ಲಿ. ದುರಸ್ತಿ ಮತ್ತು ಬದಲಾವಣೆಗಳಿಗೆ ಮೊದಲು ಯಾವ ಕಲ್ಲು ಎಲ್ಲಿತ್ತು ಎಂಬುದನ್ನು ತಿಳಿಯಲು 1850ರ ದಶಕದ ಛಾಯಾಚಿತ್ರಗಳು ಆಧಾರವಾಗುತ್ತವೆ.

ವಾಸ್ತುಶಿಲ್ಪ ಇತಿಹಾಸದ ವಿಧಾನದ ಮೇಲೂ ಈ ಕೆಲಸ ಪರಿಣಾಮ ಬೀರಿತು. ಫರ್ಗುಸನ್ ಭಾರತದ ಹಲವೆಡೆಗಳ ಛಾಯಾಚಿತ್ರಗಳನ್ನು ಅಪಾರವಾಗಿ ಸಂಗ್ರಹಿಸಿ, ಅವುಗಳ ಹೋಲಿಕೆಯ ಮೇಲೆ 1876ರ ತಮ್ಮ ಭಾರತೀಯ ಮತ್ತು ಪೌರ್ವಾತ್ಯ ವಾಸ್ತುಶಿಲ್ಪದ ಇತಿಹಾಸವನ್ನು ರಚಿಸಿದರು. ಆದರೆ ಈ ಚಿತ್ರಗಳನ್ನು ದಾಖಲೆಯಾಗಿ ಬಳಸುವಾಗ ಅವುಗಳ ತಾಂತ್ರಿಕ ಮಿತಿಗಳನ್ನೂ ಗಮನಿಸಬೇಕಾಗುತ್ತದೆ. ಅಂಚಿನಲ್ಲಿ ಬಾಗಿದ ಕಂಬವು ಮಸೂರದ ದೋಷವೇ ಹೊರತು ಕಟ್ಟಡದ್ದಲ್ಲ. ಬರಿದಾದ ಆಕಾಶ, ಕಾಣದ ಜನ, ಕತ್ತಲಲ್ಲಿ ಮುಳುಗಿದ ಒಳಾಂಗಣಗಳು ಬೆಳ್ಳಿ ಲವಣದ ಸ್ವಭಾವದಿಂದ ಉಂಟಾದವು. ಬಿಗ್ಸ್ ತೆಗೆದ ಚಿತ್ರಗಳ ಪ್ರತಿಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸಂರಕ್ಷಿಸಲಾಗಿದೆ.