ಆಸ್ಪತ್ರೆಯನ್ನೇ ಮನೆ ಮಾಡಿಸಿದವರು: ಡಾ. ವಿಲಿಯಂ ಹಾಲ್‌ಸ್ಟೆಡ್

ನಮ್ಮ ಮಗಳು ಇದೇ ಶಾಲೆಯಲ್ಲಿ ವಾರಕ್ಕೊಮ್ಮೆ ಬಂದು ಅಕ್ಷರ ತಿದ್ದಿದವಳು. ಈಗ ಊರಿನಲ್ಲಿ ಜನರಲ್ ಸರ್ಜರಿಯಲ್ಲಿ ಎಂ.ಎಸ್. ಎರಡನೇ ವರ್ಷ. ಇಲ್ಲಿ ಮೀನಾ ಸಲ್ಮಾನ್‌ನಲ್ಲಿ ರಾತ್ರಿ ಹತ್ತಾದರೆ ಅಲ್ಲಿ ಹನ್ನೆರಡೂವರೆ. ಆಗಲೂ ಫೋನಿನ ಹಿಂದೆ ವಾರ್ಡಿನ ಸದ್ದು ಕೇಳಿಸುತ್ತಿರುತ್ತದೆ. ಊಟ ಆಯಿತೇ ಎಂದು ಕೇಳಿದರೆ ಯಾವ ಹೊತ್ತಿನ ಊಟ ಎಂದು ಅವಳು ತಿರುಗಿ ಕೇಳುತ್ತಾಳೆ. ಡಾಕ್ಟರುಗಳಿಗೆ ಹೀಗೆ ಆಸ್ಪತ್ರೆಯಲ್ಲೇ ಬಿಡಾರ ಹೂಡಿಸಿ ಶಸ್ತ್ರಚಿಕಿತ್ಸೆ ಕಲಿಸುವ ಪದ್ಧತಿಯನ್ನು ಯಾರು ಶುರು ಮಾಡಿದರೋ ಎಂದು ಒಂದು ದಿನ ಸಿಟ್ಟಿನಲ್ಲೇ ಹುಡುಕಿದೆ. ಸಿಕ್ಕವರು ಅಮೆರಿಕದ ವಿಲಿಯಂ ಸ್ಟೂವರ್ಟ್ ಹಾಲ್‌ಸ್ಟೆಡ್. ಓದುತ್ತಾ ಹೋದಂತೆ ಸಿಟ್ಟು ಬೇರೆ ಏನೋ ಆಯಿತು.

ಹಾಲ್‌ಸ್ಟೆಡ್ ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕಿನ ಸ್ಥಿತಿವಂತರ ಮನೆಯಲ್ಲಿ. ಯೇಲ್ ಕಾಲೇಜಿನಲ್ಲಿದ್ದಾಗ ಓದಿಗಿಂತ ಆಟವೇ ಹೆಚ್ಚು, ಫುಟ್‌ಬಾಲ್ ತಂಡದ ನಾಯಕರಾಗಿದ್ದರು. ಕೊನೆಯ ವರ್ಷದಲ್ಲಿ ಅಂಗರಚನೆಯ ಪುಸ್ತಕವೊಂದನ್ನು ಕೊಂಡು ತಂದರು, ಅಲ್ಲಿಂದ ದಾರಿ ಬದಲಾಯಿತು. 1877ರಲ್ಲಿ ವೈದ್ಯ ಪದವಿ ಪಡೆದು, ಮುಂದಿನ ವರ್ಷ ಯುರೋಪಿಗೆ ಹೋಗಿ ಎರಡು ವರ್ಷ ವಿಯೆನ್ನಾ ಮತ್ತು ಜರ್ಮನಿಯ ಆಸ್ಪತ್ರೆಗಳಲ್ಲಿ ಕಲಿತರು. ಅಲ್ಲಿ ಬಿಲ್‌ರೋತ್‌ರಂಥ ಗುರುಗಳ ಕೈಕೆಳಗೆ ಕಿರಿಯ ವೈದ್ಯರು ವರ್ಷಗಟ್ಟಲೆ ದುಡಿದು ಪಳಗುತ್ತಿದ್ದುದನ್ನು ಕಂಡರು. ಅಮೆರಿಕದಲ್ಲಿ ಆಗ ಅಂಥ ಕ್ರಮವಿರಲಿಲ್ಲ. ಪದವಿ ಕೈಗೆ ಬಂದವನು ಕತ್ತಿ ಹಿಡಿಯಬಹುದಿತ್ತು, ಅಷ್ಟೇ.

ನ್ಯೂಯಾರ್ಕಿಗೆ ಮರಳಿದ ಮೇಲೆ ಅವರದು ಧೈರ್ಯದ, ಬಿರುಸಿನ ಕೈ. 1881ರಲ್ಲಿ ಹೆರಿಗೆಯಾದ ಅಕ್ಕತಂಗಿಯರಲ್ಲೊಬ್ಬರು ರಕ್ತ ಹೋಗಿ ಸಾಯುವ ಸ್ಥಿತಿಗೆ ಬಂದಾಗ ತಮ್ಮ ರಕ್ತವನ್ನೇ ತೆಗೆದು ಕೊಟ್ಟು ಉಳಿಸಿಕೊಂಡರು. ರಕ್ತದ ಗುಂಪುಗಳ ವಿಷಯ ಇನ್ನೂ ಯಾರಿಗೂ ಗೊತ್ತಿರದ ಕಾಲ ಅದು, ಅದೃಷ್ಟವೂ ಜೊತೆಗಿತ್ತು ಎನ್ನಬೇಕು. ಮರುವರ್ಷ ನಡುರಾತ್ರಿ ಎರಡು ಗಂಟೆಗೆ ಅಡುಗೆಮನೆಯ ಮೇಜಿನ ಮೇಲೆ ತಾಯಿಯ ಪಿತ್ತಕೋಶ ತೆರೆದು ಕಲ್ಲು ತೆಗೆದರು. ತಾಯಿ ಚೇತರಿಸಿಕೊಂಡರು.

1884ರಲ್ಲಿ ವಿಯೆನ್ನಾದಿಂದ ಒಂದು ಸುದ್ದಿ ಬಂತು. ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂದು. ಹಾಲ್‌ಸ್ಟೆಡ್ ಮತ್ತು ಅವರ ಕಿರಿಯ ಸಂಗಡಿಗರು ಅದನ್ನು ನರಕ್ಕೆ ಚುಚ್ಚಿ, ಇಡೀ ಭಾಗವನ್ನೇ ಮರಗಟ್ಟಿಸುವ ವಿಧಾನ ಕಂಡುಕೊಂಡರು. ಇಂದು ಹಲ್ಲು ಕೀಳಿಸುವಾಗ ನಮಗೆ ಕೊಡುವ ಚುಚ್ಚುಮದ್ದಿನ ಮೂಲ ಅಲ್ಲಿದೆ. ಆದರೆ ಪ್ರಯೋಗ ಮಾಡಿಕೊಂಡಿದ್ದು ತಮ್ಮ ತಮ್ಮ ಮೈಮೇಲೇ. ಅದು ಅಂಟಿಕೊಳ್ಳುವ ವಿಷ ಎಂದು ಆಗ ತಿಳಿದಿರಲಿಲ್ಲ. ಆ ಗುಂಪಿನಲ್ಲಿ ಕೆಲವರು ಮತ್ತೆ ಮೇಲೇಳಲೇ ಇಲ್ಲ. ಹಾಲ್‌ಸ್ಟೆಡ್ 1886ರಲ್ಲಿ ಪ್ರಾವಿಡೆನ್ಸ್ ಊರಿನ ಮಾನಸಿಕ ಆಸ್ಪತ್ರೆ ಸೇರಿ ಹಲವು ತಿಂಗಳು ಇದ್ದರು.

ಇಲ್ಲಿ ವಿಲಿಯಂ ವೆಲ್ಚ್ ಎಂಬ ಗೆಳೆಯರನ್ನು ನೆನೆಯಲೇಬೇಕು. ಆ ವರ್ಷದ ಕೊನೆಗೆ ವೆಲ್ಚ್ ಅವರನ್ನು ಬಾಲ್ಟಿಮೋರಿಗೆ ಕರೆಸಿ, ತಮ್ಮ ಜೊತೆಯಲ್ಲೇ ಇರಿಸಿಕೊಂಡು, ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟರು. 1887ರಲ್ಲಿ ಮತ್ತೊಮ್ಮೆ ಅದೇ ಆಸ್ಪತ್ರೆಗೆ ಸೇರಬೇಕಾಯಿತು. ಆಗಲೂ ವೆಲ್ಚ್ ಕೈಬಿಡಲಿಲ್ಲ. 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು, 1890ರಲ್ಲಿ ಹಾಲ್‌ಸ್ಟೆಡ್ ಅದರ ಮುಖ್ಯ ಶಸ್ತ್ರವೈದ್ಯರಾದರು.

ಹೊಸ ಹಾಲ್‌ಸ್ಟೆಡ್ ಬೇರೆಯೇ ಮನುಷ್ಯ. ಮಾತು ಕಡಿಮೆ, ಕೈ ನಿಧಾನ. ಅಂಗಾಂಶವನ್ನು ಎಳೆಯದೆ, ರಕ್ತ ಹರಿಯಬಿಡದೆ, ರೇಷ್ಮೆ ದಾರದಲ್ಲಿ ನವುರಾಗಿ ಹೊಲಿಯುವುದು ಅವರ ರೀತಿ. ಔಷಧದ ನೀರಿಗೆ ಕೈ ಒಡೆಯುತ್ತಿದ್ದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರಿಗಾಗಿ ತೆಳುವಾದ ರಬ್ಬರ್ ಕೈಗವಸು ಮಾಡಿಸಿದರು. ಅದೇ ವರ್ಷ ಅವರನ್ನೇ ಮದುವೆಯೂ ಆದರು. ಶಸ್ತ್ರಕೊಠಡಿಗೆ ಕೈಗವಸು ಹೀಗೆ ಬಂತು.

ರೆಸಿಡೆಂಟ್ ತರಬೇತಿ ರೂಪುಗೊಂಡದ್ದೂ ಅಲ್ಲೇ. ಹೆಸರೇ ಹೇಳುವಂತೆ ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ವಾಸ ಮಾಡಬೇಕು. ಮದುವೆಯ ಮಾತಿಲ್ಲ, ಸಂಬಳ ಹೆಸರಿಗೆ ಮಾತ್ರ. ಮೊದಲು ಇಂಟರ್ನ್, ಆಮೇಲೆ ಸುಮಾರು ಆರು ವರ್ಷ ಸಹಾಯಕ, ಕೊನೆಗೆ ಎರಡು ವರ್ಷ ಮುಖ್ಯ ರೆಸಿಡೆಂಟ್. ಮೆಟ್ಟಿಲು ಏರಿದಂತೆ ಹೊಣೆ ಹೆಚ್ಚು. ಆದರೆ ಅದು ಗೋಪುರದಂಥ ವ್ಯವಸ್ಥೆ, ಬುಡದಲ್ಲಿ ಹಲವರು, ತುದಿಯಲ್ಲಿ ಒಬ್ಬರು. 33 ವರ್ಷಗಳಲ್ಲಿ ತುದಿ ಮುಟ್ಟಿದವರು 17 ಮಂದಿ. ಮಿದುಳಿನ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದ ಹಾರ್ವಿ ಕುಶಿಂಗ್ ಅವರಲ್ಲೊಬ್ಬರು. ಗುರುಗಳು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಊರಲ್ಲೇ ಇರುತ್ತಿರಲಿಲ್ಲ, ಇದ್ದಾಗಲೂ ದೂರವೇ. ಶಿಷ್ಯರು ತಾವೇ ನಿರ್ಧರಿಸಿ, ತಾವೇ ಕಲಿತರು. ನಂಬಿಕೆಯಿಂದ ಬಿಟ್ಟರೋ, ಬಿಟ್ಟುಬಿಟ್ಟರೋ ಎನ್ನುವುದು ನನಗೆ ಇಂದಿಗೂ ತೀರ್ಮಾನವಾಗದ ಪ್ರಶ್ನೆ.

ನಮ್ಮ ಬಹ್ರೇನಿಗೂ ಇದರ ಒಂದು ಎಳೆ ಇದೆ. ಹಾಲ್‌ಸ್ಟೆಡ್ ಪ್ರಾಧ್ಯಾಪಕರಾಗಿದ್ದ ಕಾಲದಲ್ಲೇ, 1909ರಲ್ಲಿ, ಹಾಪ್ಕಿನ್ಸ್‌ನಲ್ಲಿ ಪದವಿ ಪಡೆದ ಪಾಲ್ ಹ್ಯಾರಿಸನ್ ಹಡಗು ಹತ್ತಿ ಕೊಲ್ಲಿಗೆ ಬಂದರು. ಆಗ ಈ ಮೀನಾ ಸಲ್ಮಾನ್ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕಿ, ಜನ ಸಣ್ಣ ದೋಣಿಗಳಲ್ಲಿ ದಡ ಸೇರುತ್ತಿದ್ದರು. ಮನಾಮದ ಅಮೆರಿಕನ್ ಮಿಷನ್ ಆಸ್ಪತ್ರೆಯಲ್ಲಿ ಅವರು ಬಹುಕಾಲ ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮಲ್ಲಿ ಎಷ್ಟೋ ಮಕ್ಕಳು ಹುಟ್ಟಿದ್ದು ಆ ಆಸ್ಪತ್ರೆಯಲ್ಲೇ.

ಗೋಪುರದ ಕ್ರಮವನ್ನು 1930ರ ದಶಕದ ಕೊನೆಗೆ ಬೋಸ್ಟನ್ನಿನ ಎಡ್ವರ್ಡ್ ಚರ್ಚಿಲ್ ಎಂಬ ವೈದ್ಯರು ತಿದ್ದಿದರು, ಸೇರಿದವರು ಬಹುಪಾಲು ಮುಗಿಸಿಯೇ ಹೊರಡುವಂತಾಯಿತು. ಎಡೆಬಿಡದ ದುಡಿಮೆ ಮಾತ್ರ ಉಳಿಯಿತು. ಅಮೆರಿಕ ದೇಶಾದ್ಯಂತ ವಾರಕ್ಕೆ 80 ಗಂಟೆಯ ಮಿತಿ ಹಾಕಿದ್ದು 2003ರಲ್ಲಿ. ಭಾರತದಲ್ಲಿ ರೆಸಿಡೆಂಟರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಎಂಬ ಕೇಂದ್ರದ ನಿರ್ದೇಶನ 1992ರಿಂದಲೇ ಇದೆ. ಕಾಗದದಲ್ಲಿ ಇದೆ ಎಂದು ನಮ್ಮ ಮಗಳು ನಗುತ್ತಾಳೆ.

ಹಾಲ್‌ಸ್ಟೆಡ್ ತೀರಿಕೊಂಡಿದ್ದು 1922ರ ಸೆಪ್ಟೆಂಬರ್ 7ರಂದು, ತಾಯಿಗಿದ್ದ ಅದೇ ಪಿತ್ತದ ಕಲ್ಲಿನಿಂದ. ಶಸ್ತ್ರಚಿಕಿತ್ಸೆ ಮಾಡಿದವರು ಅವರೇ ಪಳಗಿಸಿದ ಶಿಷ್ಯರು. ಮೂರು ತಿಂಗಳೊಳಗೆ ಕ್ಯಾರೊಲಿನ್ ಕೂಡ ಹೋದರು. ಎಲ್ಲರೂ ಅವರು ಚಟದಿಂದ ಪೂರ್ತಿ ಬಿಡುಗಡೆಯಾಗಿದ್ದರು ಎಂದೇ ನಂಬಿದ್ದರು. ಸಹೋದ್ಯೋಗಿ ವಿಲಿಯಂ ಆಸ್ಲರ್ ಮುಚ್ಚಿ ಮೊಹರು ಹಾಕಿಟ್ಟಿದ್ದ ಟಿಪ್ಪಣಿ 1969ರಲ್ಲಿ ಹೊರಬಂದಾಗ, ಮುಖ್ಯ ಶಸ್ತ್ರವೈದ್ಯರಾದ ಮೇಲೂ ಅವರು ಮಾರ್ಫಿನ್ ತೆಗೆದುಕೊಳ್ಳುತ್ತಿದ್ದುದು ತಿಳಿಯಿತು. ಅಷ್ಟು ಶಿಷ್ಯರ ನಡುವೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಜಾಗ ಅವರಿಗೆ ಇರಲಿಲ್ಲ.

ಇದನ್ನು ಓದಿದ ರಾತ್ರಿ ಮಗಳಿಗೆ ಫೋನ್ ಮಾಡಿದೆ. ಊಟದ ವಿಷಯ ಬಿಟ್ಟು, ನಿನ್ನ ಜೊತೆ ಡ್ಯೂಟಿಯಲ್ಲಿ ಯಾರಿದ್ದಾರೆ, ಸೀನಿಯರ್ ಕರೆದರೆ ಬರುತ್ತಾರೆಯೇ, ಕಷ್ಟವಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮುಕ್ಕಾಲು ಗಂಟೆ ಮಾತನಾಡಿದಳು.