ಪತ್ರಿಕೆಯ ಸಾಲ ಯಾರ ಸಾಲ? ಬಾಬಾಸಾಹೇಬರು ಪತ್ರಿಕೆ ನಡೆಸಿದ ಕಥೆ

ಪ್ರತಿ ವರ್ಷ ಏಪ್ರಿಲ್ 14 ಬಂತೆಂದರೆ ತಾಲ್ಲೂಕು ಕೇಂದ್ರಗಳಲ್ಲಿ ಮೆರವಣಿಗೆ, ಮಾಲಾರ್ಪಣೆ, ಭಾಷಣ ಎಲ್ಲಾ ಆಗುತ್ತೆ. ಅಂಬೇಡ್ಕರ್ ಅಂದ್ರೆ ಸಂವಿಧಾನ ಅಂತ ಎಲ್ಲರಿಗೂ ಗೊತ್ತು. ಆದರೆ ಅವರು ವರ್ಷಗಟ್ಟಲೆ ಪತ್ರಿಕೆ ನಡೆಸಿದ್ದರು, ಅದಕ್ಕಾಗಿ ಜನರ ಮುಂದೆ ಕೈಯೊಡ್ಡಿದ್ದರು ಅನ್ನೋದು ವೇದಿಕೆಯಲ್ಲಿ ಕೇಳಿಬರೋದು ಕಡಿಮೆ.

1891ರಲ್ಲಿ ಮಧ್ಯ ಭಾರತದ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಭೀಮರಾವ್, ಬರೋಡ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿ ಬಂದರು. ಅಷ್ಟು ಓದಿದವರಿಗೆ 1917ರಲ್ಲಿ ಬರೋಡದಲ್ಲಿ ನೌಕರಿ ಸಿಕ್ಕಿತು, ಇರಲು ಮನೆ ಸಿಗಲಿಲ್ಲ. ಮುಂಬೈಗೆ ವಾಪಸ್ ಬಂದು 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಪರೇಲಿನ ಚಾಳಿನಲ್ಲಿ ಎರಡು ಕೋಣೆಯ ಸಂಸಾರ. ಸಂಬಳದಲ್ಲಿ ಉಳಿಸಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಬೇಕೆಂಬ ಹಟ.

ಆ ಹೊತ್ತಿಗೇ ಪತ್ರಿಕೆಯ ಯೋಚನೆ ಬಂತು. ಮರಾಠಿಯಲ್ಲಿ ಪತ್ರಿಕೆಗಳಿಗೇನೂ ಬರವಿರಲಿಲ್ಲ. ಆದರೆ ಕೆರೆ ನೀರು ಮುಟ್ಟಲು ಬಿಡದವರ ಕಷ್ಟ ಬರೆಯೋಕೆ ಅವುಗಳಲ್ಲಿ ಜಾಗ ಇರಲಿಲ್ಲ. ಒಂದೊಂದು ಪತ್ರಿಕೆ ಒಂದೊಂದು ಜಾತಿಯ ಹಿತ ನೋಡಿಕೊಳ್ಳುತ್ತಿದೆ ಅನ್ನೋದು ಅವರ ತಕರಾರು. 1920ರ ಜನವರಿ 31ರಂದು ‘ಮೂಕನಾಯಕ’ ಪಾಕ್ಷಿಕ ಹೊರಬಂತು. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಅಂಬೇಡ್ಕರ್ ಸರ್ಕಾರಿ ಕಾಲೇಜಿನಲ್ಲಿದ್ದದ್ದರಿಂದ ಸಂಪಾದಕರ ಹೆಸರು ಬೇರೆಯವರದ್ದು, ಪಾಂಡುರಂಗ ಭಟ್ಕರ್ ಅವರದ್ದು.

ಇಲ್ಲೊಂದು ಸಂಗತಿ ಅಂಗಡಿ ಇಟ್ಟವರಿಗೆ ಬೇಗ ಅರ್ಥವಾಗುತ್ತೆ. ಹೊಸ ಪತ್ರಿಕೆ ಬರ್ತಾ ಇದೆ ಅಂತ ಜಾಹೀರಾತು ಹಾಕಿಸಲು ‘ಕೇಸರಿ’ಗೆ ಹೋದರು. ದುಡ್ಡು ಕೊಡ್ತೀವಿ ಅಂದ್ರೂ ‘ಕೇಸರಿ’ ಹಾಕಲಿಲ್ಲ. ಟಿಳಕರು ಆಗ ಬದುಕಿದ್ದರು, ಅದು ಅವರ ಪತ್ರಿಕೆ. ಗಿರಾಕಿ ಕೈಯಲ್ಲಿ ಕಾಸು ಹಿಡಿದು ನಿಂತಿದ್ದರೂ ಸಾಮಾನು ಕೊಡಲ್ಲ ಅಂದ ಹಾಗೆ.

ಅದೇ ವರ್ಷ ಜುಲೈನಲ್ಲಿ ಅಂಬೇಡ್ಕರ್ ಲಂಡನ್ನಿಗೆ ಹೊರಟರು. ಉಳಿಸಿದ್ದು ಸಾಲದೆ ಪಾರ್ಸಿ ಗೆಳೆಯ ನವಲ್ ಭಟೇನಾ ಅವರಿಂದ ಸಾಲ ಮಾಡಿದ್ದರು. 1922ರಲ್ಲಿ ಶಾಹು ಮಹಾರಾಜರು ತೀರಿಕೊಂಡರು. ಇತ್ತ ಹಣದ ಅಡಚಣೆ, ನಡೆಸುವವರ ನಡುವೆ ಮನಸ್ತಾಪ. 1923ರಲ್ಲಿ ‘ಮೂಕನಾಯಕ’ ನಿಂತೇಹೋಯಿತು. ಒಬ್ಬ ದೊಡ್ಡ ದಾನಿಯ ಮೇಲೆ ನಿಂತ ಪತ್ರಿಕೆ ಎಷ್ಟು ದಿನ ಬಾಳೀತು?

ಬ್ಯಾರಿಸ್ಟರ್ ಆಗಿ ಬಂದ ಅಂಬೇಡ್ಕರ್ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿ ಊರೂರು ಸುತ್ತಿದರು. ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೂ 1925ರ ಏಪ್ರಿಲ್‌ನಲ್ಲಿ ಸಮ್ಮೇಳನಕ್ಕೆ ಬಂದಿದ್ದರು. ಆಗ ಆ ಭಾಗವೆಲ್ಲ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಸಾವಿರಾರು ಜನರ ಜೊತೆ ನೀರು ಮುಟ್ಟಿದರು. ಸಮ್ಮೇಳನಕ್ಕೆ ಬಂದವರಿಗೆ ಏಟು ಬಿತ್ತು. ಈ ಕಥೆಯನ್ನು ಬೇರೆಯವರ ಪತ್ರಿಕೆ ಅವರಿಗೆ ಬೇಕಾದ ಹಾಗೆ ಬರೆಯುತ್ತೆ, ನಮ್ಮ ಕಡೆಯ ಮಾತು ಹೇಳೋರ್ಯಾರು? ಎರಡೇ ವಾರಕ್ಕೆ, ಏಪ್ರಿಲ್ 3ರಂದು, ‘ಬಹಿಷ್ಕೃತ ಭಾರತ’ ಶುರುವಾಯಿತು. ಈ ಸಲ ಸಂಪಾದಕರು ಅವರೇ.

ಸಂಪಾದಕ ಅಂದ್ರೆ ಹೆಸರಿಗಷ್ಟೇ ಅಲ್ಲ. ಬರೆಯುವವರು ಬೇರೆ ಇಲ್ಲದೆ ಇಪ್ಪತ್ತನಾಲ್ಕು ಕಾಲಂಗಳನ್ನು ಒಬ್ಬರೇ ತುಂಬಿಸಬೇಕಾದ ಸಂಚಿಕೆಗಳಿದ್ದವು. ಹಗಲು ಕೋರ್ಟು, ಸಭೆ, ರಾತ್ರಿ ಬರವಣಿಗೆ. ಪತ್ರಿಕೆಯಿಂದ ತಾವು ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆದರೂ ಕಾಗದಕ್ಕೆ, ಅಚ್ಚಿಗೆ, ಅಂಚೆಗೆ ದುಡ್ಡು ಬೇಕಲ್ಲ. ಓದುಗರೋ ಗಿರಣಿ ಕೂಲಿಗಳು, ಹಳ್ಳಿಯ ಬಡವರು. ಅವರಲ್ಲಿ ಅಕ್ಷರ ಬಲ್ಲವರೇ ಕಡಿಮೆ, ಚಂದಾ ಕಟ್ಟುವವರು ಇನ್ನೂ ಕಡಿಮೆ. ಪತ್ರಿಕೆ ಯಾರಿಗೆ ಹೆಚ್ಚು ಬೇಕಿತ್ತೋ ಅವರ ಹತ್ತಿರವೇ ಕಾಸು ಕಡಿಮೆ.

1928ರ ಫೆಬ್ರವರಿಯಲ್ಲಿ ಅವರು ಈ ಲೆಕ್ಕವನ್ನು ಪತ್ರಿಕೆಯಲ್ಲೇ ಜನರ ಮುಂದಿಟ್ಟರು. ಪತ್ರಿಕೆಯ ಋಣ ಸಂಪಾದಕನೊಬ್ಬನದಲ್ಲ, ಸಮಾಜದ್ದು ಅಂತ ನೇರವಾಗಿ ವಾದಿಸಿದರು. ತಾನು ಇಷ್ಟು ಮಾಡಿದ್ದೇನೆ, ಇನ್ನು ನೀವು ನಿಮ್ಮ ಪಾಲು ಕೊಡಿ ಅನ್ನೋ ಧಾಟಿ. ಅದರಲ್ಲಿ ಬೇಡುವ ದನಿಗಿಂತ ಬಾಕಿ ವಸೂಲಿಗೆ ಬಂದವರ ದನಿಯೇ ಜಾಸ್ತಿ. ನನಗೆ ಕೇಳಿದ್ರೆ ಅದೇ ಸರಿ. ಕೊಟ್ಟವರು ಉಪಕಾರ ಮಾಡಿದೆವು ಅಂದುಕೊಂಡರೆ ನಾಳೆ ಸುದ್ದಿಗೂ ಬೆಲೆ ಕಟ್ಟೋಕೆ ಬರ್ತಾರೆ. ಸಣ್ಣ ಪತ್ರಿಕೆ, ಸಣ್ಣ ಸುದ್ದಿತಾಣ ನಡೆಸುವವರಿಗೆ ಇದು ಹೊಸ ಮಾತಲ್ಲ.

ಅಷ್ಟು ಕೇಳಿದರೂ ಸಾಕಾಗುವಷ್ಟು ಬರಲಿಲ್ಲ. ಪತ್ರಿಕೆ ತಡೆತಡೆದು ಬಂದು 1929ರ ನವೆಂಬರ್‌ನಲ್ಲಿ ನಿಂತಿತು.

ಸೋತೆ ಅಂತ ಅವರು ಬಿಡಲಿಲ್ಲ. ಒಂದು ವರ್ಷ ಕಳೆದು, 1930ರ ನವೆಂಬರ್ 24ರಂದು ‘ಜನತಾ’ ಶುರು ಮಾಡಿಸಿದರು. ಸಂಪಾದಕತ್ವ ದೇವರಾವ್ ನಾಯಕ್ ಅವರಿಗೆ. ಎಲ್ಲವನ್ನೂ ಒಬ್ಬರೇ ಹೊರುವುದು ಬಿಟ್ಟು ಕೆಲಸ ಹಂಚಿದ್ದು ಈ ಸಲದ ವ್ಯತ್ಯಾಸ. ಅಷ್ಟರಲ್ಲಿ ಚಳವಳಿಯೂ ಬೆಳೆದಿತ್ತು, ಊರೂರಲ್ಲಿ ಕಾರ್ಯಕರ್ತರಿದ್ದರು. ಪಾಕ್ಷಿಕವಾಗಿದ್ದ ‘ಜನತಾ’ ವಾರಪತ್ರಿಕೆಯಾಯಿತು. ದುಂಡುಮೇಜಿನ ಸಭೆ, ಪುಣೆ ಒಪ್ಪಂದ, ಚುನಾವಣೆ, ಸಂವಿಧಾನ ರಚನೆ ಎಲ್ಲವನ್ನೂ ದಾಟಿ ಇಪ್ಪತ್ತೈದು ವರ್ಷ ಬಂತು.

1956ರ ಫೆಬ್ರವರಿ 4ರಂದು ಅದರ ಹೆಸರು ‘ಪ್ರಬುದ್ಧ ಭಾರತ’ ಅಂತಾಯಿತು. ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕಾರ. ಡಿಸೆಂಬರ್ 6ರಂದು ದೆಹಲಿಯಲ್ಲಿ ಬಾಬಾಸಾಹೇಬರು ತೀರಿಕೊಂಡರು. ಪತ್ರಿಕೆ ಅವರು ಹೋದ ಮೇಲೂ ಕೆಲವು ವರ್ಷ ಹೊರಬಂತು.