ಬ್ರೂಸ್ ಫೂಟರೂ ನಮ್ಮ ನೆಲದ ನೀರೂ

ನಮ್ಮ ಕಡೆ ಕೊಳವೆ ಬಾವಿ ಕೊರೆಸುವ ದಿನ ಮನೆಮಂದಿಯೆಲ್ಲ ಯಂತ್ರದ ಸುತ್ತ ನಿಂತು ಮೇಲೆ ಬರುವ ಕಲ್ಲುಪುಡಿಯನ್ನೇ ನೋಡುತ್ತಿರುತ್ತಾರೆ. ಒಬ್ಬರ ಹೊಲದಲ್ಲಿ ನೀರು ಚಿಮ್ಮುತ್ತದೆ. ಪಕ್ಕದ ಹೊಲದಲ್ಲಿ ಬರಿಯ ಧೂಳು. ಇದೆಲ್ಲ ಹಣೆಬರಹವೆಂದು ಸುಮ್ಮನಾಗುವ ಮೊದಲು, ಈ ನೆಲದ ಕಲ್ಲನ್ನು ಓದಲು ಕಲಿಸಿದ ಮಹನೀಯರೊಬ್ಬರನ್ನು ಸ್ಮರಿಸುವುದು ಉಚಿತ.

ರಾಬರ್ಟ್ ಬ್ರೂಸ್ ಫೂಟರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿ, ದಕ್ಷಿಣ ದೇಶವನ್ನು ಸುತ್ತಿ ಬಂಡೆಗಳನ್ನು ಪರೀಕ್ಷಿಸುತ್ತ ಮೂರು ದಶಕಗಳನ್ನು ಕಳೆದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವೊಂದು ಅವರಿಗೆ ದೊರಕಿತು. ಭಾರತದ ಪ್ರಾಗಿತಿಹಾಸದ ಪಿತಾಮಹರೆಂಬ ಕೀರ್ತಿಗೆ ಅದೇ ಮೂಲ.

ನಮಗೆ ಹೆಚ್ಚು ಸಂಬಂಧಪಟ್ಟುದು ಅವರ ಇನ್ನೊಂದು ಕಾರ್ಯ. ಚಿನ್ನದ ನಿಕ್ಷೇಪಗಳುಳ್ಳ ಶಿಲೆಗಳನ್ನು ಹುಡುಕುತ್ತ ಅವರು 1880ರ ದಶಕದಲ್ಲಿ ಒಂದು ಶಿಲಾಸಮೂಹವನ್ನು ಗುರುತಿಸಿ, ಅದಕ್ಕೆ ಧಾರವಾಡದ ಹೆಸರನ್ನಿಟ್ಟರು. ಈ ಶಿಲೆಗಳು ಹಳೆಯ ನೈಸ್ ಶಿಲೆಯ ಮೇಲೆ ನೆಲೆಸಿವೆಯೆಂಬುದು ಅವರ ಅಭಿಪ್ರಾಯ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅವರೇ ಅದರ ಮೊದಲ ಮುಖ್ಯಸ್ಥರಾದರು.

ಫೂಟರು ಅರಸಿದ್ದು ಚಿನ್ನವನ್ನು. ಆದರೆ ಅವರು ತೋರಿದ ಶಿಲಾಭೇದವೇ ನಮ್ಮ ಅಂತರ್ಜಲದ ಅಕ್ಷರಮಾಲೆ. ಧಾರವಾಡ ಶಿಲೆಗಳ ಪಟ್ಟಿಯೊಂದು ಚಿಕ್ಕನಾಯಕನಹಳ್ಳಿಯ ಮೂಲಕ ಗುಬ್ಬಿಯ ಪಶ್ಚಿಮ ಭಾಗಕ್ಕೆ ತಾಗಿ ಹಾಯುತ್ತದೆ. ತುಮಕೂರು, ಕುಣಿಗಲ್ ಕಡೆ ಬಹುಮಟ್ಟಿಗೆ ನೈಸ್ ಮತ್ತು ಗ್ರಾನೈಟು. ಗಟ್ಟಿಯಾದ ಈ ಕಲ್ಲಿಗೆ ಮರಳಿನಂತೆ ನೀರು ಹೀರುವ ಗುಣವಿಲ್ಲ. ಮಳೆಬಿಸಿಲಿಗೆ ಸಡಿಲಗೊಂಡ ಮೇಲಿನ ಪದರವೇ ಅದರ ಕಣಜ. ಕೆಳಗಿನ ಬಿರುಕುಗಳೇ ಕಾಲುವೆ. ಹಿಂದಿನವರ ತೆರೆದ ಬಾವಿಗಳು ಆ ಕಣಜದಿಂದ ನೀರು ಪಡೆಯುತ್ತಿದ್ದವು. ಕೊಳವೆ ಬಾವಿ ಬಿರುಕಿಗೆ ತಾಗಿದರೆ ನೀರು, ತಪ್ಪಿದರೆ ಧೂಳು. ಆಳಕ್ಕಿಳಿದಷ್ಟೂ ಬಿರುಕುಗಳು ವಿರಳವಾಗುತ್ತವೆ. ಮೇಲಿನ ಕಣಜ ಬರಿದಾದ ಮೇಲೆ ಎಷ್ಟು ಆಳ ಕೊರೆದರೇನು? ಗುಬ್ಬಿಯ ಕೆರೆ, ಕುಣಿಗಲಿನ ದೊಡ್ಡಕೆರೆ, ತುಮಕೂರಿನ ಅಮಾನಿಕೆರೆಗಳಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಿಗೂ ಜೀವ ಬರುವುದು ಈ ಕಾರಣದಿಂದಲೇ.

ನಿವೃತ್ತರಾದ ಬಳಿಕ ಫೂಟರು ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿ, 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಕಾಲವಾದರು. ಅವರು ಕಟ್ಟಿದ ಇಲಾಖೆಯ ಪರಂಪರೆ ಮುಂದೆ ಅಂತರ್ಜಲದ ಅಧ್ಯಯನಕ್ಕೂ ನೆರವಾಯಿತು.

ಮಳೆ ತುಂಬಿದಷ್ಟನ್ನೇ ಕಲ್ಲು ಕೊಡಬಲ್ಲದು. ಪರವೂರಿನಿಂದ ಬಂದು ನಮ್ಮ ಬಂಡೆಗಳನ್ನು ಅಷ್ಟು ಶ್ರದ್ಧೆಯಿಂದ ಓದಿದವರ ಋಣವನ್ನು, ನಮ್ಮ ಕೆರೆಗಳನ್ನು ಉಳಿಸಿಕೊಂಡು ತೀರಿಸೋಣ.